ಭಾನುವಾರ ರಜೆ ಮಾಡುವ ಪಂಪು

ನಮ್ಮ ಕೌಂಟಿಯ ನಲವತ್ತು ಸಾವಿರ ಜನರಲ್ಲಿ ಯಾರು ರೇಡಿಯೋದಲ್ಲಿ ಕೆಮ್ಮಿದರೂ ಅದು ಇಂಥವರ ಕೆಮ್ಮು ಎಂದು ನಾನು ಹೇಳಬಲ್ಲೆ. ಅವರ ಅಪ್ಪ ಹೇಗೆ ಕೆಮ್ಮುತ್ತಿದ್ದ ಎಂಬುದನ್ನೂ ಸೇರಿಸಿ ಹೇಳಬಲ್ಲೆ. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂದು ಮಾತ್ರ ಕೇಳಬೇಡಿ. ಎಪ್ಪತ್ತೆಂಟು ವರ್ಷದಿಂದ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿಕೊಂಡು ಬಂದಿದ್ದೇನೆ, ಈಗ ಬೇರೆ ಮಾಡಲು ನನಗೇ ಬರುವುದಿಲ್ಲ. ಆದರೆ ಮೂವತ್ತೊಂದು ವರ್ಷ ಶಾಲೆಯ ಊಟದ ಕಿಟಕಿಯ ಹಿಂದೆ ಸೌಟು ಹಿಡಿದು ನಿಂತವಳು ನಾನು. ಈಗ ಶೆರೀಫ್ ಆಗಿರುವವನು, ಅಗ್ನಿಶಾಮಕದ ಮುಖ್ಯಸ್ಥ, ಹಿಮ ತೆಗೆಯುವ ಲಾರಿಯ ಡ್ರೈವರುಗಳು, ಎಲ್ಲರೂ ತಟ್ಟೆ ಹಿಡಿದು ನನ್ನ ಮುಂದೆ ನಿಂತವರೇ. ಏಳನೇ ವಯಸ್ಸಿನಲ್ಲಿ ಯಾವ ಮೂಗಿನಿಂದ ‘ಬಟಾಣಿ ಬೇಡ’ ಎಂದರೋ, ನಲವತ್ತನೇ ವಯಸ್ಸಿನಲ್ಲಿ ಅದೇ ಮೂಗಿನಿಂದ ಆಂಬುಲೆನ್ಸ್ ಕರೆಯುತ್ತಾರೆ. ಗಂಟಲು ದಪ್ಪವಾಗುತ್ತದೆ, ಹೊಟ್ಟೆ ಬರುತ್ತದೆ, ಸೊಂಟದಲ್ಲಿ ಪಿಸ್ತೂಲು ಬರುತ್ತದೆ, ಮೂಗು ಹಾಗೇ ಇರುತ್ತದೆ.

ಫೆಬ್ರವರಿ ಕೊನೆಯ ಆ ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ವೆಂಡಲ್ ಬಂದ. ಕೈಯಲ್ಲಿ ಡೋನಟ್ಟಿನ ಡಬ್ಬಿ, ಮುಖದಲ್ಲಿ ಸಾವಿನ ಮನೆಗೆ ಬಂದ ಕಳೆ. ನನ್ನ ಗಂಡ ಡೆಲ್ಮರ್ ಸತ್ತ ದಿನ ಕೂಡ ಅವನ ಮುಖ ಇಷ್ಟು ಸಪ್ಪಗಿರಲಿಲ್ಲ. ವೆಂಡಲ್ ಟೆಲಿಫೋನ್ ಕಂಪನಿಯಲ್ಲಿ ದುಡಿದು ನಿವೃತ್ತನಾಗಿ ಟೊಲೀಡೋ ನಗರ ಬಿಟ್ಟು ನಮ್ಮೂರಿಗೆ ಬಂದವನು; ಬಂದು ಹನ್ನೆರಡು ವರ್ಷವಾದರೂ ಇಲ್ಲಿನವರಿಗೆ ಹೊಸಬ. ಇಲ್ಲಿ ಪೊಲೀಸರು, ಆಂಬುಲೆನ್ಸಿನವರು ತಮ್ಮತಮ್ಮಲ್ಲಿ ಆಡುವ ರೇಡಿಯೋ ಮಾತನ್ನು ಸ್ಕ್ಯಾನರ್ ಎಂಬ ಯಂತ್ರದಲ್ಲಿ ಕೇಳುವ ಗಂಡಸರ ಒಂದು ಸಂಘವಿದೆ. ಶನಿವಾರ ಹೋಟೆಲಿನಲ್ಲಿ, ಡೆಲ್ಮರ್ ಇದ್ದಾಗ ಆರು, ಈಗ ಐದು ಜನ ಸೇರಿ, ಮೊಟ್ಟೆ ತಿಂದು, ತಾವೇ ಈ ದೇಶವನ್ನು ಕಾಯುತ್ತಿರುವವರಂತೆ ಪಿಸುಮಾತಾಡುತ್ತಾರೆ. ವೆಂಡಲ್ ಅದರ ಅಧ್ಯಕ್ಷ. ಅಂದು ಮಧ್ಯಾಹ್ನ ಹನ್ನೆರಡಕ್ಕೆ ಕೌಂಟಿಯ ಇಡೀ ರೇಡಿಯೋಗೆ ಬೀಗ ಬೀಳುವುದಿತ್ತು. ಆಮೇಲೆ ಹೊರಗಿನವರ ಸ್ಕ್ಯಾನರಿಗೆ ಮಾತೇ ಕೇಳಿಸದು. ಪೊಲೀಸರಿಗಷ್ಟೇ ಅಲ್ಲ, ಶಾಲೆಯ ಬಸ್ಸಿಗೂ, ನಾಯಿ ಹಿಡಿಯುವವರಿಗೂ, ಹಿಮದ ಲಾರಿಗೂ. ಯಾವ ರಸ್ತೆಗೆ ಉಪ್ಪು ಚೆಲ್ಲಿದ್ದಾರೆ ಎಂಬ ಗುಟ್ಟು ಶತ್ರುಗಳಿಗೆ ಸಿಕ್ಕಿಬಿಟ್ಟರೆ ಏನು ಗತಿ?

“ಆರ್ಡಿತ್, ಇನ್ನು ಮೂರೇ ಗಂಟೆ,” ಎಂದ, ಕೋಟು ಬಿಚ್ಚದೆ.

“ಕೂತ್ಕೊಳಪ್ಪಾ. ಪ್ರಾಣ ಹೋಗೋದಕ್ಕೂ ಇಷ್ಟು ಸರಿಯಾಗಿ ಟೈಮ್ ಹೇಳಲ್ಲ ಯಾರೂ.”

“ನೀವು ನಗ್ತೀರಿ. ಡೆಲ್ಮರ್ ಇದ್ದಿದ್ರೆ ಅಳ್ತಿದ್ದ.”

ಡೆಲ್ಮರ್ ಅಳುತ್ತಿರಲಿಲ್ಲ. ಐವತ್ತೊಂದು ವರ್ಷದಲ್ಲಿ ಅವನು ಅತ್ತದ್ದನ್ನು ಒಂದೇ ಸಲ ಕಂಡಿದ್ದೇನೆ, ಅದೂ ಹಿತ್ತಲಿನಲ್ಲಿ ಅರವತ್ತಡಿಯ ಕಬ್ಬಿಣದ ಗೋಪುರ ಎದ್ದು ನಿಂತು, ಅದರ ತುದಿಯ ಆಂಟೆನಾಗೆ ಮೊದಲ ಮಾತು ಸಿಕ್ಕ ದಿನ. ಆ ಗೋಪುರದ ಆಸೆಗೇ ವೆಂಡಲ್ ಬರುವುದು, ನನ್ನ ಕಾಫಿಯ ಆಸೆಗಲ್ಲ. ಹಾಗೆಂದು ಅವನೇ ಹೇಳಿದ್ದಾನೆ. ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ಡೆಲ್ಮರನ ಮೇಜು, ಕಂಪ್ಯೂಟರು, ಹಸಿರು ರಟ್ಟಿನ ಪುಸ್ತಕ. ಪರದೆಯ ಮೇಲೆ ಸಂಖ್ಯೆಗಳು ಹೊತ್ತಿ ಆರುತ್ತಿರುತ್ತವೆ. ಯಾರೋ ಮಾತಾಡಿದರೆ ಅವರ ಗುಂಪಿನ ಸಂಖ್ಯೆ ಬೆಳಗುತ್ತದೆ, ಅಷ್ಟೇ. ಗುಂಪು ಯಾರದು ಎಂದು ಯಂತ್ರ ಹೇಳುವುದಿಲ್ಲ. ಮೊದಮೊದಲು ಡೆಲ್ಮರ್ ನನಗೆ ವಿವರಿಸಲು ಹೋಗಿ ಬೆವರಿದ್ದ. ಕೊನೆಗೆ ನಾನೇ ಅವನಿಗೆ ವಿವರಿಸಿದೆ: ರೇಡಿಯೋ ದಾರಿಗಳೆಂಬ ಊಟದ ಕಿಟಕಿಗಳು ಮೂರು, ಗುಂಪುಗಳೆಂಬ ತರಗತಿಗಳು ನಲವತ್ತು, ಯಾವ ಕಿಟಕಿ ಖಾಲಿಯೋ ಅಲ್ಲಿಗೆ ಮುಂದಿನ ತರಗತಿ ಓಡುತ್ತದೆ, ಮಕ್ಕಳ ಕೊರಳಲ್ಲಿ ತರಗತಿಯ ಸಂಖ್ಯೆ ಮಾತ್ರ ಇದೆ, ಹೆಸರಿಲ್ಲ, ಸದ್ದು ಕೇಳಿ ಯಾವ ಮೇಷ್ಟರ ಮಕ್ಕಳು ಎಂದು ಹೇಳಬೇಕು. ಅಷ್ಟೇ ತಾನೆ? ಅವನು ಬೆವರು ಒರೆಸಿಕೊಂಡು, ಅಷ್ಟೇ, ಎಂದ. ಆರು ಗಂಡಸರು ಆರು ವರ್ಷ ಓದಿ ಕಲಿತದ್ದನ್ನು ಸೌಟಿನವಳು ಆರು ನಿಮಿಷದಲ್ಲಿ ಹೇಳಿದ್ದಕ್ಕೆ ಅವನಿಗೆ ಸ್ವಲ್ಪ ನೋವಾಗಿರಬೇಕು. ಸಂಘದವರದು ಒಂದು ಕಟ್ಟುನಿಟ್ಟು ಇದೆ. ಊಹೆಯನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಮೂರು ಬೇರೆ ಬೇರೆ ದಿನ ಮೂರು ಸಾಕ್ಷಿ ಸಿಕ್ಕ ಮೇಲೆ ಅಳಿಸಿ ಶಾಯಿಯಲ್ಲಿ ಬರೆಯಬೇಕು. ಶಾಯಿಯಲ್ಲಿ ಬಂದ ಹೆಸರನ್ನು ಯಾರೂ ಪ್ರಶ್ನಿಸುವಂತಿಲ್ಲ. ನನ್ನ ಮದುವೆಯ ಪ್ರಮಾಣವನ್ನು ಡೆಲ್ಮರ್ ಇಷ್ಟು ಭಕ್ತಿಯಿಂದ ಹೇಳಿರಲಿಲ್ಲ.

ಎರಡನೆಯ ಕಟ್ಟುನಿಟ್ಟು ಇದಕ್ಕಿಂತ ಹಳೆಯದು. ಕೇಳಿದ್ದು ಕಿವಿಯಿಂದ ಕೆಳಗೆ ಬಾಯಿಗೆ ಇಳಿಯಬಾರದು. ಅದನ್ನು ಡೆಲ್ಮರ್ ನನಗೆ ದಿನಕ್ಕೊಂದು ಸಲ ಹೇಳುತ್ತಿದ್ದ, ಉಳಿದ ಐದು ಜನಕ್ಕೆ ವರ್ಷಕ್ಕೊಂದು ಸಲ.

“ಇನ್ನೂರ ಹನ್ನೆರಡು ಗುಂಪು,” ವೆಂಡಲ್ ಕನ್ನಡಕ ಏರಿಸಿಕೊಂಡು ಪುಸ್ತಕದ ಮೇಲೆ ಬೆರಳೋಡಿಸಿದ. “ಎಲ್ಲಾ ಶಾಯಿ. ಇವತ್ತು ಒಂದ್ಸಲ ತಾಳೆ ನೋಡಿ ಮುಗಿಸ್ಬಿಡೋಣ. ಮುಂದೆ ಯಾರಾದ್ರೂ ಕೇಳಿದ್ರೆ ಇತಿಹಾಸ ಸರಿಯಾಗಿರ್ಬೇಕು.”

“ಕೇಳ್ತಾರೆ, ಕೇಳ್ತಾರೆ. ಕ್ಯೂ ನಿಂತಿರ್ತಾರೆ.”

ಅವನು ಡೋನಟ್ ಕಚ್ಚಿದ, ಮೀಸೆಗೆ ಸಕ್ಕರೆ ಹತ್ತಿತು, ನಾನು ಹೇಳಲಿಲ್ಲ. ಕಿಟಕಿಯಾಚೆ ಹಳೆಯ ಹಿಮ ಕಪ್ಪಾಗಿ ರಸ್ತೆಯ ಬದಿಗೆ ಒತ್ತಿಕೊಂಡಿತ್ತು. ಸ್ಪೀಕರಿನಲ್ಲಿ ಹಿಮದ ಲಾರಿಯವನು ಇನ್ನೊಬ್ಬನಿಗೆ ಹುಳಿಬ್ರೆಡ್ಡು ಮಾಡುವ ಕ್ರಮ ಹೇಳುತ್ತಿದ್ದ. ಬೀಗ ಹಾಕಲೇಬೇಕಾದ ಗುಟ್ಟು. ಆಗ ವೆಂಡಲನ ಬೆರಳು ಒಂದು ಕಡೆ ನಿಂತಿತು.

“ನಾಲ್ಕು ಸಾವಿರದ ನೂರಿಪ್ಪತ್ತೇಳು. ‘ನೀರಿನ ಪಂಪು. ಬರೀ ಗರಗರ. ದಾಟಿಸಿದೆ.’ ಶಾಯಿ.”

“ಪಂಪು ಅಂದ್ರೆ ಪಂಪು. ನೀರಿನ ಟ್ಯಾಂಕು ಯಂತ್ರಕ್ಕೆ ಸುದ್ದಿ ಕಳ್ಸತ್ತಂತೆ, ಕೇಳಿದ್ರೆ ಕಿವಿ ತೂತಾಗತ್ತೆ ಅಂತ ಡೆಲ್ಮರ್ ಹೇಳಿದ್ದ. ಅದಕ್ಕೇ ಸ್ಕ್ಯಾನರಿಗೆ ಅದನ್ನ ದಾಟ್ಕೊಂಡು ಹೋಗು ಅಂದಿದಾನೆ.”

“ದಾಟಿದ್ರೂ ಯಂತ್ರ ಹೊತ್ತು ಬರ್ಕೊಳತ್ತೆ, ಆರ್ಡಿತ್. ಇಲ್ಲಿ ನೋಡಿ.” ಪರದೆಯಲ್ಲಿ ಉದ್ದನೆಯ ಪಟ್ಟಿ ತೆಗೆದ. “ಬೆಳಿಗ್ಗೆ ಏಳಕ್ಕೆ ಶುರು. ಎರಡಕ್ಕೆ ಕಮ್ಮಿ ಆಗತ್ತೆ. ಸೋಮವಾರದಿಂದ ಶುಕ್ರವಾರ. ಕ್ರಿಸ್ಮಸ್ಸಿಗೆ ಇಲ್ಲ. ಥ್ಯಾಂಕ್ಸ್‌ಗಿವಿಂಗಿಗೆ ಇಲ್ಲ.” ಅವನು ನನ್ನ ಕಡೆ ತಿರುಗಿದ. “ಭಾನುವಾರ ರಜೆ ಮಾಡೋ ಪಂಪು ನೋಡಿದೀರಾ?”

“ನಮ್ಮೂರಿನ ಪಂಪು. ಚರ್ಚಿಗೆ ಹೋಗಿರತ್ತೆ.”

ಅವನು ನಗಲಿಲ್ಲ. ನಾನೂ ನಗಿಸಲು ನೋಡಿದ್ದೆನೇ ಹೊರತು ನಕ್ಕಿರಲಿಲ್ಲ. ಡೆಲ್ಮರ್ ಶಾಯಿಯಲ್ಲಿ ತಪ್ಪು ಬರೆಯುವವನಲ್ಲ. ಎರಡು ಒಂದೇ ಥರದ ತಿರುಪುಮೊಳೆಗಳಿಗೆ ಬೇರೆ ಬೇರೆ ಡಬ್ಬಿ ಇಟ್ಟು ಹೆಸರು ಅಂಟಿಸಿದವನು. ಸಾಯುವ ಹಿಂದಿನ ವಾರ ಆಸ್ಪತ್ರೆಯಲ್ಲಿ ನರ್ಸು ಬರೆದ ಅವನ ತೂಕವನ್ನು ತಿದ್ದಿದವನು. ತಪ್ಪಲ್ಲ ಎಂದರೆ ಸುಳ್ಳು. ಸುಳ್ಳು ಎಂದರೆ ಯಾರಿಗೆ? ಈ ಪುಸ್ತಕ ತೆರೆಯುತ್ತಿದ್ದವರು ಅವನು ಮತ್ತು ನಾನು. ಅವನು ತನಗೇ ಸುಳ್ಳು ಹೇಳಿಕೊಳ್ಳಲು ಶಾಯಿ ಯಾಕೆ ಹಾಳು ಮಾಡುತ್ತಾನೆ? ನನ್ನ ತಲೆ ಎಲ್ಲಿಗೆ ಓಡಿತು ಎಂದು ಹೇಳಲು ಈ ವಯಸ್ಸಿನಲ್ಲಿ ನಾಚಿಕೆ. ಹೆಂಗಸು, ಎಂದುಕೊಂಡೆ. ಡೆಲ್ಮರನಿಗೆ ಹೆಂಗಸು! ಧಾನ್ಯದ ಗೋದಾಮಿನಲ್ಲಿ ನಲವತ್ತು ವರ್ಷ ಜೋಳ ಅಳೆದವನು, ಸೀನಿದರೂ ನೆರೆಯವರಲ್ಲಿ ಕ್ಷಮೆ ಕೇಳುವವನು. ಆದರೂ ಮೂಗಿನ ಹೊಳ್ಳೆ ಬಿಸಿಯಾಯಿತು. ಸತ್ತು ಎರಡು ವರ್ಷವಾದ ಗಂಡನ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕೂ ಯೋಗ ಬೇಕು.

“ತೆಗಿ, ಕೇಳೋಣ,” ಎಂದೆ.

ವೆಂಡಲ್ ಒಂದು ಗುಂಡಿ ಒತ್ತಿದ. ನಾಲ್ಕು ನಿಮಿಷ ಏನೂ ಇಲ್ಲ. ಬಟ್ಟೆ ಯಂತ್ರದ ಮೇಲೆ ನನ್ನ ಒಗೆಯದ ಪೆಟಿಕೋಟು ಬಿದ್ದಿತ್ತು, ಅದನ್ನು ಮೆಲ್ಲಗೆ ಒಳಗೆ ತುರುಕಿದೆ. ಆಮೇಲೆ ಸಂಖ್ಯೆ ಹೊತ್ತಿಕೊಂಡಿತು.

“ಕರ್ಟಿಸ್, ಆಸ್ಪತ್ರೆ ಬಾಗಿಲಲ್ಲಿ ಮಿಸೆಸ್ ಹಾಫ್‌ಮನ್ ಕಾಯ್ತಿದಾರೆ. ಕೈಚೀಲ ಮರೀತಾರೆ, ಕೇಳಿ ಹತ್ತಿಸ್ಕೋ.”

ಹೆಂಗಸೇ. ವಯಸ್ಸಾದವರನ್ನು ಡಾಕ್ಟರರ ಹತ್ತಿರ, ಅಂಗಡಿಗೆ ಕರೆದೊಯ್ಯುವ ಕೌಂಟಿಯ ಗಾಡಿ ಇದೆಯಲ್ಲ, ಅದರ ಕಚೇರಿಯಿಂದ ಡ್ರೈವರಿಗೆ ದಾರಿ ಹೇಳುವ ಹೆಂಗಸು. ವೆಂಡಲ್ ಪೆನ್ಸಿಲ್ ಎತ್ತಿಕೊಂಡ. ನಾನು ಮೇಜಿನ ಅಂಚು ಹಿಡಿದೆ. ಆ ಮೂಗು ನನಗೆ ಊಟದ ಕಿಟಕಿಯಲ್ಲಿ ಸಿಕ್ಕಿದ್ದಲ್ಲ. ಅದಕ್ಕಿಂತ ಮುಂಚೆ, ಒಂದೇ ಹಾಸಿಗೆಯಲ್ಲಿ, ಒಂದೇ ಹೊದಿಕೆಯ ಅಡಿಯಲ್ಲಿ, ಅಕ್ಕಾ ಕಾಲು ತಣ್ಣಗಿದೆ ಎಂದು ನನ್ನ ಮೊಣಕಾಲ ಹಿಂದೆ ಪಾದ ತೂರಿಸಿದ ಮೂಗು. ನನಗಿಂತ ಹತ್ತು ವರ್ಷ ಚಿಕ್ಕವಳು. ನಡೀನ್. ನನ್ನ ತಂಗಿ.

“ಯಾರಿದು?” ವೆಂಡಲ್ ಕೇಳಿದ. “ನಿಮಗೆ ಗೊತ್ತಿರದ ದನಿ ಇಲ್ವಲ್ಲ.”

ಮನುಷ್ಯನ ಬಾಯಿ ಅಭ್ಯಾಸಬಲದಿಂದ ತೆರೆದುಕೊಳ್ಳುತ್ತದೆ. ನನ್ನದು ತೆರೆಯಿತು. ಹತ್ತೊಂಬತ್ತು ವರ್ಷದ ಹಿಂದೆ ಹೀಗೇ ತೆರೆದಿತ್ತು. ಆಗ ಜನವರಿ, ಹಿಂದಿನ ದಿನ ಡೆಲ್ಮರನ ಹಳೆಯ ಸ್ಕ್ಯಾನರಿನಲ್ಲಿ ಪೊಲೀಸಿನವನೊಬ್ಬ ಕೌಂಟಿಯ ಗಡಿಯ ಮೋಟೆಲಿನ ಮುಂದೆ ಹಳ್ಳಕ್ಕೆ ಜಾರಿದ ಕೆಂಪು ಪಿಕಪ್ಪಿನ ಸಂಖ್ಯೆ ಓದಿದ್ದ. ಒಳಗೆ ಇಬ್ಬರು, ಯಾರಿಗೂ ಪೆಟ್ಟಿಲ್ಲ, ಹೆಂಗಸಿನ ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಅದು ನಡೀನಳ ಗಂಡ ರಾಯ್ಸನ ಪಿಕಪ್ಪು, ಹೆಂಗಸು ನಡೀನ್ ಅಲ್ಲ. ಆ ಹೊತ್ತಿಗೆ ನಡೀನ್ ನನ್ನ ಜೊತೆ ಫೋನಿನಲ್ಲಿ ಪರದೆ ಬಟ್ಟೆಯ ಬಣ್ಣದ ಬಗ್ಗೆ ಜಗಳವಾಡುತ್ತಿದ್ದಳು. ನಾನು ಫೋನಿನಲ್ಲಿ ಹೇಳಲಿಲ್ಲ. ಅದಕ್ಕೆ ನನ್ನನ್ನು ಹೊಗಳಬೇಡಿ. ಬೆಳಿಗ್ಗೆ ಶಾಲೆಯ ಅಡುಗೆಮನೆಯಲ್ಲಿ, ನಲವತ್ತು ಪೌಂಡು ಕೈಮ ಹುರಿಯುತ್ತ, ಐದು ಜನಕ್ಕೆ ಹೇಳಿದೆ. ಚಪ್ಪಲಿಯನ್ನು ಗುಲಾಬಿ ಬಣ್ಣ ಮಾಡಿದೆ, ಅದಕ್ಕೊಂದು ಉಣ್ಣೆಯ ಚೆಂಡು ಅಂಟಿಸಿದೆ. ಕೈಮ ಬೇಯುವ ಮುಂಚೆ ಸುದ್ದಿ ಎರಡನೇ ಮಹಡಿಗೆ ಹೋಗಿತ್ತು. ನಡೀನ್ ಅದೇ ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಹನ್ನೊಂದೂವರೆಗೆ ತಟ್ಟೆ ಹಿಡಿದು ಕೆಳಗೆ ಬಂದಳು. ಆರು ಸೌಟುಗಳು ಒಟ್ಟಿಗೆ ನಿಂತವು. ಅವಳು ಒಬ್ಬೊಬ್ಬರ ಮುಖ ನೋಡಿ ಕೊನೆಗೆ ನನ್ನ ಮುಂದೆ ನಿಂತು, ಅಕ್ಕಾ, ಏನಾಯ್ತು, ಎಂದಳು. ಇಡೀ ಕೌಂಟಿಗೆ ಹೇಳಬಲ್ಲ ಬಾಯಿ ಅಲ್ಲಿ ಏನು ಹೇಳಿತು ಗೊತ್ತೆ? ‘ಬಟಾಣಿ ಹಾಕ್ಲಾ?’ ಎಂದಿತು. ಅವಳು ತಟ್ಟೆಯನ್ನು ಸದ್ದಿಲ್ಲದೆ ಇಟ್ಟು ಹೋದಳು. ಒಗೆದಿದ್ದರೆ ಚೆನ್ನಾಗಿತ್ತು. ಮುಂದಿನ ಹತ್ತೊಂಬತ್ತು ವರ್ಷದಲ್ಲಿ ಅವಳನ್ನು ಹತ್ತಿರದಿಂದ ಕಂಡದ್ದು ಡೆಲ್ಮರನ ಶವಸಂಸ್ಕಾರದಲ್ಲಿ. ಹಿಂದಿನ ಬೆಂಚಿನಲ್ಲಿ ಕೂತು, ಊಟಕ್ಕೆ ಹ್ಯಾಮ್ ಬಡಿಸುವ ಮುಂಚೆ ಎದ್ದು ಹೋಗಿದ್ದಳು.

“ಗೊತ್ತಿಲ್ಲ,” ಎಂದೆ.

“ಗೊತ್ತಿಲ್ವಾ?”

“ಕಿವಿ ಹೋಯ್ತು ಕಣೋ. ಎಪ್ಪತ್ತೆಂಟು. ನಿನಗೂ ಬರತ್ತೆ.”

ಅವನು ನನ್ನನ್ನು ನೋಡಿದ ರೀತಿ, ಹಸು ಹಾರಿದ್ದನ್ನು ಕಂಡವನ ಹಾಗೆ. ನಾನು ಕಾಫಿ ಬಗ್ಗಿಸಿದೆ, ಬಟ್ಟಲಿನ ಹೊರಗೆ. ಹಾಗಾದರೆ ಡೆಲ್ಮರನಿಗೆ ಗೊತ್ತಿತ್ತು. ಅವಳು ಶಾಲೆ ಬಿಟ್ಟು ಅಲ್ಲಿ ಸೇರಿದ್ದು ಊರಿಗೆಲ್ಲ ಗೊತ್ತಿರಬೇಕು, ಚರ್ಚಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಸಂಘದ ಉಳಿದವರಿಗೆ. ನನಗೊಬ್ಬಳಿಗೆ ಯಾರೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಿದ್ದು ತನಗೆ ಮಾತ್ರ ಗೊತ್ತಿಲ್ಲದಿದ್ದರೆ ಹೇಗಿರುತ್ತದೆ ಎಂದು ತಿಳಿಯಲು ನನಗೆ ಹತ್ತೊಂಬತ್ತು ವರ್ಷ ಹಿಡಿಯಿತು. ನಡೀನಳಿಗೆ ಒಂದು ಬೆಳಿಗ್ಗೆ ಸಾಕಾಗಿತ್ತು. ಡೆಲ್ಮರ್ ನನ್ನ ನೋವು ತಪ್ಪಿಸಲು ಮುಚ್ಚಿಟ್ಟ, ತಂಗಿಯ ದನಿ ಕೇಳಿ ಪಾಪ ಮುದುಕಿ ಕೊರಗಬಾರದು ಎಂದು ಮುಚ್ಚಿಟ್ಟ, ಎಂದು ಎರಡು ನಿಮಿಷ ಅಂದುಕೊಂಡೆ. ಒಳ್ಳೆಯ ಎರಡು ನಿಮಿಷ. ಅಷ್ಟರಲ್ಲಿ ಸ್ಪೀಕರು, ಮಿಸ್ಟರ್ ಯೋಡರನ್ನು ಮೂತ್ರಪಿಂಡದ ಯಂತ್ರಕ್ಕೆ ಬಿಡು, ಮಿಸೆಸ್ ಬಕನನ್ನರನ್ನು ಹುಚ್ಚಿನ ಡಾಕ್ಟರರ ಹತ್ತಿರ, ಹಿಂದಿನ ಬಾಗಿಲಿಗೆ ಬಿಡು, ಮುಂದೆ ಬೇಡವಂತೆ, ಎಂದಿತು. ಆಗ ಅರ್ಥವಾಯಿತು. ಡೆಲ್ಮರ್ ಕಾಪಾಡಿದ್ದು ನನ್ನನ್ನಲ್ಲ. ಹಿಂದಿನ ಬಾಗಿಲಿನಿಂದ ಹೋಗುವ ಮಿಸೆಸ್ ಬಕನನ್ನರನ್ನು. ನಡೀನಳನ್ನು. ನನ್ನ ಬಾಯಿಯಿಂದ. ಊರಿನ ಕೊಳವೆ ಒಡೆದಲ್ಲಿ ಎಚ್ಚರಿಕೆಯ ಹಲಗೆ ನೆಡುವ ಹಾಗೆ, ಸದ್ದಿಲ್ಲದೆ, ಒಳ್ಳೆಯ ಅಕ್ಷರದಲ್ಲಿ, ನನ್ನ ಮುಂದೆ ಒಂದು ಹಲಗೆ ನೆಟ್ಟು ಹೋಗಿದ್ದ. ಅವನನ್ನು ಬಯ್ಯಲು ನನಗೆ ಒಳ್ಳೆಯ ಮಾತೊಂದೂ ಸಿಗಲಿಲ್ಲ, ಯಾಕೆಂದರೆ ಬಕನನ್ನರ ಡಾಕ್ಟರರ ವಿಷಯವನ್ನು ಯಾರಿಗೆ ಮೊದಲು ಹೇಳಲಿ ಎಂದು ನನ್ನ ನಾಲಿಗೆ ಆಗಲೇ ಲೆಕ್ಕ ಹಾಕುತ್ತಿತ್ತು.

ಹನ್ನೊಂದೂಕಾಲು. ವೆಂಡಲ್ ಹೋಗಲಿಲ್ಲ. ಪೆನ್ಸಿಲಿನಲ್ಲಿ ‘ಮುದುಕರ ಗಾಡಿ?’ ಎಂದು ಪಂಪಿನ ಪಕ್ಕ ಬರೆದುಕೊಂಡು ಸಾಕ್ಷಿಗೆ ಕಾಯುತ್ತಿದ್ದ. ನಾನೂ ಕಾಯುತ್ತಿದ್ದೆ, ಹನ್ನೆರಡಕ್ಕೆ. ಹನ್ನೆರಡಾದ ಮೇಲೆ ಅವಳಿಗೆ ತಿಳಿಯದ ಹಾಗೆ ಅವಳ ದನಿ ಕೇಳಲು ಈ ಲೋಕದಲ್ಲಿ ದಾರಿಯಿಲ್ಲ. ಕೇಳಬೇಕೆಂದರೆ ನಾನೂ ಮಾತಾಡಬೇಕು. ಎರಡು ವರ್ಷ ಈ ಕುರ್ಚಿಯಲ್ಲಿ ಕೂತು ಊರಿನ ಮಾತನ್ನೆಲ್ಲ ಕೇಳಿದೆ, ಒಂದು ಗುಂಡಿ ಒತ್ತಿದ್ದರೆ ಅವಳಿದ್ದಳು. ಇನ್ನು ಮುಕ್ಕಾಲು ಗಂಟೆ.

“ನಡೀನ್,” ಡ್ರೈವರ್ ಕರ್ಟಿಸ್ ಕರೆದ. ವೆಂಡಲ್ ಹೆಸರು ಬರೆದುಕೊಂಡ. “ಆ ಓರ್ವಿಲ್ ಮುದುಕನ ಮನೆ ಸಿಕ್ತಾ ಇಲ್ಲ. ಹಿಮದಲ್ಲಿ ನಂಬರ್ ಹಲಗೆ ಮುಚ್ಚೋಗಿದೆ.”

ಓರ್ವಿಲ್ ನನ್ನ ಪಕ್ಕದ ಮನೆಯವನು.

“ಎತ್ತರದ ಆಂಟೆನಾ ಗೋಪುರ ಕಾಣತ್ತಾ?”

“ಕಾಣತ್ತೆ. ಚಂದ್ರನಿಗೆ ಫೋನ್ ಮಾಡೋ ಹಾಗಿದೆ.”

“ಅದು ನಮ್ಮಕ್ಕನ ಮನೆ. ಅದು ದಾಟಿದ ಮೇಲೆ ಮೊದಲ್ನೇದು.”

ಬಟ್ಟೆ ಯಂತ್ರದೊಳಗೆ ಒಂದು ಹನಿ ತೊಟ್ಟಿಕ್ಕಿತು. ವೆಂಡಲ್ ಪೆನ್ಸಿಲ್ ಎತ್ತಿದವನು ಎತ್ತಿಯೇ ಇದ್ದ.

“ನಿಮಗೆ ಅಕ್ಕ ಇದಾರಾ? ಒಂದಿನಾನೂ ಹೇಳಿಲ್ವಲ್ಲ.”

“ಇದಾಳೆ. ಈಗ್ಲೂ ಕೇಳಿಸ್ಕೊಳ್ತಾ ಇರ್ತಾಳೆ. ಸ್ವಲ್ಪ ನಿಧಾನ ಮಾತಾಡು, ಬರ್ಕೊಳ್ಳೋಕೆ ಟೈಮ್ ಬೇಕಲ್ಲ ಅವಳಿಗೆ.”

ಕರ್ಟಿಸ್ ನಕ್ಕ. ಅವಳು ನಗಲಿಲ್ಲ, ಅವಳು ನಗದೆ ಇರುವಾಗ ಗುಂಡಿಯನ್ನು ಅರ್ಧ ಕ್ಷಣ ಜಾಸ್ತಿ ಒತ್ತಿ ಹಿಡಿಯುತ್ತಾಳೆ ಎಂದು ಆಗ ತಿಳಿಯಿತು. ಆ ಅರ್ಧ ಕ್ಷಣದಲ್ಲಿ ಕಚೇರಿಯ ಹೀಟರಿನ ಸದ್ದು, ಅವಳ ಉಸಿರು. ಕಿಟಕಿಯಾಚೆ ಬಿಳಿ ಗಾಡಿಯೊಂದು ಮೆಲ್ಲಗೆ ಬಂದು, ನನ್ನ ಗೋಪುರದ ಬಳಿ ಹಿಂಜರಿದು, ದಾಟಿ ಹೋಯಿತು. ನಾನು ಕೇಳುತ್ತಿದ್ದೇನೆ ಎಂದುಕೊಂಡೇ ಅವಳು ದಿನವೂ ಮಾತಾಡಿದ್ದಾಳೆ. ಎರಡು ವರ್ಷ, ನಾಲ್ಕು ವರ್ಷ, ಎಷ್ಟೋ. ನಾನು ಬೇರೆ ಕಡೆ ಹಿಮದ ಲಾರಿಯವರ ಬ್ರೆಡ್ಡು ಕೇಳುತ್ತಿದ್ದೆ.

ವೆಂಡಲನ ಹತ್ತಿರ ಈಗ ಸಾಕ್ಷಿ ಬೇಕಾದಷ್ಟಿತ್ತು. ಹೆಸರಿತ್ತು, ಗಾಡಿ ಇತ್ತು, ನನ್ನ ಮುಖವಿತ್ತು. ಅವನು ಡೆಲ್ಮರನ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು, ರಬ್ಬರು ತೆಗೆದು, ತಾನು ಪೆನ್ಸಿಲಿನಲ್ಲಿ ಬರೆದದ್ದನ್ನೆಲ್ಲ ನಿಧಾನವಾಗಿ ಅಳಿಸಿದ. ಚೂರುಗಳನ್ನು ಊದಿದ. ಆಮೇಲೆ ಪೆನ್ನು ತೆಗೆದು ಡೆಲ್ಮರನ ಸಾಲಿನ ಕೆಳಗೆ ಶಾಯಿಯಲ್ಲಿ ಬರೆದ.

“ಪಂಪು,” ಎಂದ. “ತಾಳೆ ನೋಡಿದೆ. ಸರಿ ಇದೆ.”

“ಇತಿಹಾಸ ಕೆಟ್ಟೋಗತ್ತಲ್ಲೋ.”

“ಒಂದು ಪಂಪು ತಾನೆ, ಆರ್ಡಿತ್.”

ಟೊಪ್ಪಿಗೆ ಹಾಕಿಕೊಂಡು, ಉಳಿದ ಡೋನಟ್ಟು ನನಗೆ ಬಿಟ್ಟು ಹೋದ. ಬಾಗಿಲಲ್ಲಿ ಕರೆದು, ಮೀಸೆಗೆ ಸಕ್ಕರೆ ಹತ್ತಿದೆ ಎಂದು ಹೇಳಿದೆ. ಅಷ್ಟಾದರೂ ಮಾಡಬೇಕಿತ್ತು.

ಹನ್ನೆರಡಕ್ಕೆ ಪರದೆಯ ಮೇಲೆ ಸಂಖ್ಯೆಗಳು ಎಂದಿನಂತೆ ಹೊತ್ತಿ ಆರಿದವು. ಸದ್ದು ಮಾತ್ರ ಇಲ್ಲ. ನಾಲ್ಕು ಸಾವಿರದ ನೂರಿಪ್ಪತ್ತೇಳು ಒಮ್ಮೆ ಹೊತ್ತಿತು, ಬಾಯಿ ಆಡಿಸುವ ಮೀನಿನ ಹಾಗೆ. ನಾನು ಅದನ್ನು ನೋಡುತ್ತ ಒಂದು ಡೋನಟ್ ತಿಂದೆ. ಇನ್ನೊಂದು ತಿಂದೆ. ಗಾಡಿಯ ಕಚೇರಿಯ ನಂಬರು ಫ್ರಿಜ್ಜಿನ ಮೇಲೆ ಕೌಂಟಿಯವರು ಕಳಿಸಿದ ಅಯಸ್ಕಾಂತದಲ್ಲೇ ಇತ್ತು. ಗ್ರಂಥಾಲಯದ ಅಂಚೆಪೆಟ್ಟಿಗೆಗೆ ಕಾರು ಗುದ್ದಿ ನನ್ನ ಲೈಸೆನ್ಸ್ ಹೋದ ವಾರವೇ ಅದು ಬಂದಿತ್ತು. ನಾನೇನು ಮುದುಕಿಯೇ ಎಂದು ಒಂದು ದಿನವೂ ಕರೆದಿರಲಿಲ್ಲ.

ಆ ನಂಬರು ಒತ್ತಿದೆ. ಎರಡನೇ ರಿಂಗಿಗೆ ಎತ್ತಿದಳು.

“ಕೌಂಟಿ ಗಾಡಿ. ಹೆಸರು?”

ಹೇಳಿದೆ. ಹೀಟರಿನ ಸದ್ದು. ಅರ್ಧ ಕ್ಷಣ ಅಲ್ಲ, ಪೂರ್ತಿ ಹತ್ತು ವರ್ಷದ ಹಾಗಿತ್ತು. ಸರಿ, ಐದು ಸೆಕೆಂಡು.

“ಎಲ್ಲಿಗೆ ಹೋಗ್ಬೇಕು?”

ಅವಳ ಮನೆಯ ವಿಳಾಸ ಹೇಳಿದೆ. ಸಂಖ್ಯೆ, ರಸ್ತೆ, ಊರು, ಗೊತ್ತಿಲ್ಲದವರಿಗೆ ಹೇಳುವ ಹಾಗೆ. ಅಲ್ಲಿ ಕೀಲಿಗಳನ್ನು ಒತ್ತುವ ಸದ್ದು ಬಂತು. ನಿಂತಿತು.

“ಆ ವಿಳಾಸದಲ್ಲಿ ಎರಡೂವರೆಗೆ ಮುಂಚೆ ಯಾರೂ ಇರಲ್ಲ.”

“ಮೆಟ್ಟಿಲ ಮೇಲೆ ಕೂತಿರ್ತೀನಿ.”

“ಚಳಿ ಇದೆ.”

“ಕಾಲು ತಣ್ಣಗಾದ್ರೆ ಗೊತ್ತಲ್ಲ ಎಲ್ಲಿ ತೂರಿಸ್ಬೇಕು ಅಂತ.”

ಆ ಕಡೆ ಏನೋ ಕೆಳಗೆ ಬಿತ್ತು, ಪೆನ್ನಿರಬೇಕು. ಎತ್ತಿಕೊಂಡಳು. ಮೂಗು ಒರೆಸಿಕೊಂಡಳೋ ಏನೋ, ಅಷ್ಟು ದೂರದಿಂದ ಗೊತ್ತಾಗುತ್ತದೆ ಎಂದರೆ ಅದೂ ಅರ್ಧ ಸುಳ್ಳು. ಆಮೇಲೆ ಎಲ್ಲರನ್ನೂ ಕೇಳುವ ಕೊನೆಯ ಪ್ರಶ್ನೆಯನ್ನು, ಎಲ್ಲರನ್ನೂ ಕೇಳುವ ಅದೇ ದನಿಯಲ್ಲಿ ಕೇಳಿದಳು:

“ವಾಪಸ್ ಕರ್ಕೊಂಡು ಬರೋಕೆ ಗಾಡಿ ಎಷ್ಟು ಹೊತ್ತಿಗೆ ಕಳಿಸ್ಬೇಕು?”

ನಾನು ಏನು ಹೇಳಿದೆ? ನೀವೇ ಹೇಳಿ ನೋಡೋಣ. ಪೆನ್ಸಿಲಿನಲ್ಲೇ ಬರೆದುಕೊಳ್ಳಿ, ತಪ್ಪಾದರೆ ಅಳಿಸಬಹುದು.